ನಮ್ಮ ಪೋಡಿಗೆ ದುಡ್ಡು ಬಂದ ದಾರಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಪಿ ಬೆಳೆಯುತ್ತಾರೆ ಅಂದ್ರೆ ಕೆಳಗಿನ ಊರುಗಳವರು ಈಗಲೂ ಆಶ್ಚರ್ಯಪಡುತ್ತಾರೆ. ಜೇನು ಕೀಳುವವರು, ನೆಲ್ಲಿಕಾಯಿ ಆಯುವವರು ಅಂತಲೇ ನಮ್ಮ ಗುರುತು. ಆದರೆ ಇವತ್ತು ನಮ್ಮ ಪೋಡಿನಲ್ಲಿ, ಅಂದ್ರೆ ನಮ್ಮ ಸೋಲಿಗರ ಊರಿನಲ್ಲಿ, ಎಷ್ಟೋ ಮನೆಗಳ ಹಿಂದೆ ಕಾಪಿ ಗಿಡ ಇದೆ. ಅರ್ಧ ಎಕರೆ, ಒಂದು ಎಕರೆ, ಜಾಸ್ತಿ ಅಂದ್ರೆ ಎರಡು. ನನ್ನದು ಒಂದೂವರೆ ಎಕರೆ. ಅಪ್ಪ ನೆಟ್ಟ ಗಿಡ ಕೆಲವು, ನಾನು ನೆಟ್ಟವು ಉಳಿದವು.

ಈ ಗಿಡದ ಜೊತೆಗೆ ನಮ್ಮ ಮನೆಗೆ ಬೇರೆ ಏನೇನು ಬಂತು ಅನ್ನೋದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆದಿವಾಸಿಗಳಿಗೆ ದುಡ್ಡಿನ ಆಸೆ ಹತ್ತಿತು, ಹಳೆಯ ಬದುಕು ಹಾಳಾಯಿತು ಅಂತ ಹೊರಗಿನವರು ಬರೆಯುತ್ತಾರೆ. ಆಸೆ ಯಾರಿಗಿಲ್ಲ? ಆಸೆಯೊಂದರಿಂದಲೇ ಆಗಿದ್ದರೆ ಇದೆಲ್ಲ ನೂರು ವರ್ಷ ಮೊದಲೇ ಆಗಬೇಕಿತ್ತು. ಯಾಕಂದ್ರೆ ಕಾಪಿ ಈ ಬೆಟ್ಟಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲೇ ಇಲ್ಲಿ ತೋಟಗಳಿದ್ದವು. ರಾಂಡಾಲ್ಫ್ ಮಾರಿಸ್ ಎಂಬ ಪ್ಲಾಂಟರ್ ಹೊನ್ನಮೇಟಿಯಲ್ಲಿ ತೋಟ ಮಾಡಿದ್ದರು. ಅತ್ತಿಖಾನೆ, ಬೇಡಗುಳಿ ಕಡೆಯೂ ತೋಟಗಳಿದ್ದವು. ನಮ್ಮ ತಾತ ಅಂಥ ತೋಟಗಳಲ್ಲಿ ಕಳೆ ಕಿತ್ತವರು, ಹಣ್ಣು ಬಿಡಿಸಿದವರು. ಕೂಲಿ ದುಡ್ಡು ಕೈಯಲ್ಲಿ ಹಿಡಿದವರು.

ಆದರೂ ತಾತ ಕೂಲಿಯವರಾಗಿ ಉಳಿಯಲಿಲ್ಲ. ಬಟ್ಟೆಗೆ, ಉಪ್ಪಿಗೆ ಬೇಕಾದಷ್ಟು ದುಡಿದು ಪೋಡಿಗೆ ವಾಪಸ್ ಬರುತ್ತಿದ್ದರು. ಮೇಸ್ತ್ರಿ ಬೈದರೆ ಮಾರನೇ ದಿನ ಹೋಗುತ್ತಿರಲಿಲ್ಲ. ಹೋಗದಿದ್ದರೂ ಒಲೆ ಉರಿಯುತ್ತಿತ್ತು. ಹೊಲದಲ್ಲಿ ರಾಗಿ, ಸಾಮೆ, ಜೋಳ, ಅವರೆ, ಕುಂಬಳ ಎಲ್ಲ ಒಟ್ಟಿಗೆ ಬೆಳೆದಿರುತ್ತಿದ್ದವು. ಹೊಲ ಕೈಕೊಟ್ಟ ವರ್ಷ ಕಾಡಿನಲ್ಲಿ ಗೆಣಸು, ಸೊಪ್ಪು, ಅಣಬೆ, ಜೇನು ಇರುತ್ತಿತ್ತು. ತೋಟದ ದೊರೆಗೆ ನಮ್ಮವರ ಕೆಲಸ ಬೇಕಿತ್ತು. ನಮ್ಮವರಿಗೆ ಅವನ ದುಡ್ಡು ಅಷ್ಟೊಂದು ಬೇಕಿರಲಿಲ್ಲ. ಆಗ "ಇವತ್ತು ಒಲ್ಲೆ, ನಾಳೆ ನೋಡೋಣ" ಅನ್ನುವ ಶಕ್ತಿ ನಮಗಿತ್ತು. ಆಮೇಲೆ ನಾವು ಕಳೆದುಕೊಂಡದ್ದು ಈ ಶಕ್ತಿಯನ್ನೇ.

1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೇಟೆ ನಿಂತಿತು. ಒಂದು ಜಾಗದಲ್ಲಿ ನಾಲ್ಕಾರು ವರ್ಷ ಬೆಳೆದು, ನೆಲಕ್ಕೆ ಬಿಡುವು ಕೊಟ್ಟು, ಇನ್ನೊಂದು ಕಡೆ ಹೋಗುವ ಬೇಸಾಯ ನಿಂತಿತು. ಕಾಡೊಳಗಿನ ಎಷ್ಟೋ ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಿದರು. ಅಪ್ಪ ಆಗ ಯುವಕ. ಅವರು ಹೇಳುತ್ತಿದ್ದರು: "ಹೊಲ ಒಂದೇ ಕಡೆ ನಿಂತ್ಮೇಲೆ ಗೊಬ್ಬರ ಬೇಕಾಯ್ತು. ಗೊಬ್ಬರಕ್ಕೆ ದುಡ್ಡು ಬೇಕಾಯ್ತು." ಇಷ್ಟೇ ಮಾತು. ನಮ್ಮ ಬೆಟ್ಟದ ಹಣದ ಚರಿತ್ರೆಯಲ್ಲಿ ಇದಕ್ಕಿಂತ ಸರಿಯಾದ ಮಾತು ನಾನು ಕೇಳಿಲ್ಲ.

ತರಗು ಬೆಂಕಿಯೂ ನಿಂತಿತು. ಚಳಿಗಾಲ ಕಳೆದ ಮೇಲೆ ಒಣ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಆಳೆತ್ತರ ಏಳುವ ಬೆಂಕಿಯಲ್ಲ, ಕಾಲಡಿಯಲ್ಲಿ ಹರಿದು ಹೋಗುವಂಥದ್ದು. ಅದರಿಂದ ಲಾಂಟಾನ ಎಂಬ ಕಳೆಯ ಪೊದೆ ಮೇಲೆ ಏಳುತ್ತಿರಲಿಲ್ಲ. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ, ನಾವು ಉಪ್ಪಿಲು ಅನ್ನುತ್ತೇವೆ, ಅದೂ ಹತೋಟಿಯಲ್ಲಿರುತ್ತಿತ್ತು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಬೆಂಕಿ ನಿಂತ ಮೇಲೆ ಲಾಂಟಾನ ಕಾಡನ್ನೇ ನುಂಗಿತು. ಗೆಣಸಿನ ಬಳ್ಳಿ ಹುಡುಕಿಕೊಂಡು ಹೋಗಲು ದಾರಿಯೇ ಇಲ್ಲದಂತಾಯಿತು. ಉಪ್ಪಿಲು ಹತ್ತಿ ಎಷ್ಟೋ ನೆಲ್ಲಿ ಮರಗಳು ಸೊರಗಿದವು.

ನಾನು ಹುಡುಗನಾಗಿದ್ದಾಗ ದುಡ್ಡು ಅಂದ್ರೆ ನೆಲ್ಲಿಕಾಯಿ. 1980ರ ದಶಕದಲ್ಲಿ ಆದಿವಾಸಿಗಳ ಸಹಕಾರ ಸಂಘ ಬಂದಿತ್ತು. ಎಲ್ಲರೂ ಲ್ಯಾಂಪ್ಸ್ ಅಂತಾರೆ, ನಮ್ಮ ಬಾಯಲ್ಲಿ ಸೊಸೈಟಿ. ನೆಲ್ಲಿಕಾಯಿ, ಜೇನು, ಸೀಗೆಕಾಯಿ, ಅಂಟುವಾಳ, ಕಲ್ಲುಪಾಚಿ ತಂದು ಸೊಸೈಟಿಗೆ ಹಾಕಿದರೆ ಕೆಜಿಗೆ ಇಷ್ಟು ಅಂತ ಕೊಡುತ್ತಿದ್ದರು. ದರ ನಿಗದಿ ಮಾಡುವಾಗ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಅದರಲ್ಲಿ ಒಂದು ನೆಮ್ಮದಿ ಇತ್ತು. ಚಳಿಗಾಲದಲ್ಲಿ ನೆಲ್ಲಿ, ಬೇಸಿಗೆ ಕೊನೆಗೆ ಹೆಜ್ಜೇನು, ನಡುವೆ ಸೀಗೆ, ಪಾಚಿ. ಒಂದು ಕೈಕೊಟ್ಟರೆ ಇನ್ನೊಂದು. ಅವ್ವ ಮರದಲ್ಲಿ ಒಂದಿಷ್ಟು ಕಾಯಿ ಬಿಟ್ಟೇ ಬರುತ್ತಿದ್ದಳು, ಜಿಂಕೆ ತಿನ್ನಬೇಕಲ್ಲ ಅಂತ. ಕಾಯಿಗೆ ಬೆಲೆ ಏರಿದ ವರ್ಷ ಕೆಲವರು ಕೊಂಬೆಯನ್ನೇ ಕಡಿದು ತಂದದ್ದೂ ಉಂಟು. ಹಿರಿಯರು ಅವರನ್ನು ಕೂರಿಸಿಕೊಂಡು ಕೇಳಿದ್ದೂ ಉಂಟು. ದುಡ್ಡು ಮತ್ತು ನಮ್ಮ ಕಟ್ಟಳೆ ಅಕ್ಕಪಕ್ಕ ಇದ್ದ ಕಾಲ ಅದು. ಜಗಳ ಆಗುತ್ತಿತ್ತು, ಕಟ್ಟಳೆ ಗೆಲ್ಲುತ್ತಲೂ ಇತ್ತು.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ವನ್ಯಧಾಮದಿಂದ ಮಾರಾಟಕ್ಕಾಗಿ ಏನನ್ನೂ ತರುವಂತಿಲ್ಲ ಎಂದಾಯಿತು. ಕೆಲವೇ ವರ್ಷಗಳಲ್ಲಿ ನಮ್ಮಲ್ಲಿ ನೆಲ್ಲಿ, ಜೇನು, ಪಾಚಿ ಎಲ್ಲದರ ವ್ಯಾಪಾರ ನಿಂತುಹೋಯಿತು. ವರ್ಷವಿಡೀ ಅಷ್ಟಷ್ಟೇ ಬರುತ್ತಿದ್ದ ದುಡ್ಡು ನಿಂತಿತು. ದುಡ್ಡಿನ ಅಗತ್ಯ ಮಾತ್ರ ನಿಲ್ಲಲಿಲ್ಲ.

ಆಗ ಉಳಿದದ್ದು ಕಾಪಿ.

ಸಸಿ ಅದಕ್ಕೂ ಮುಂಚೆಯೇ ಬಂದಿತ್ತು. ಸರ್ಕಾರದ ಯೋಜನೆ, ಸಂಸ್ಥೆಗಳ ಸಹಾಯ ಅಂತ ಮನೆಗಿಷ್ಟು ಸಸಿ ಕೊಟ್ಟಿದ್ದರು. ಅಪ್ಪ ರಾಗಿ ಹೊಲದ ಒಂದು ಅಂಚಿನಲ್ಲಿ ನೆಟ್ಟಿದ್ದರು. ಅದು ಬೆಳೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಹಲಸು, ಕಿತ್ತಳೆ ಇದ್ದ ಹಾಗೆ ಅದೂ ಒಂದು ಗಿಡ. ನೆಲ್ಲಿಕಾಯಿ ನಿಂತ ಮೇಲೆ ಆ ಅಂಚು ಹೊಲದ ಒಳಕ್ಕೆ ಬಂತು. ಮೊದಲು ಕಾಲು ಭಾಗ, ಆಮೇಲೆ ಅರ್ಧ. ನೆರಳಿಗೆ ಸಿಲ್ವರ್ ಓಕ್ ಹಾಕಿದೆವು, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದೆವು. ನಮ್ಮ ಹೊಲದಲ್ಲಿ ರಾಗಿ ಕೊನೆಯ ಸಲ ಯಾವ ವರ್ಷ ಬೆಳೆದೆವು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಯಾರೂ "ಇನ್ಮೇಲೆ ರಾಗಿ ಬೇಡ" ಅಂತ ತೀರ್ಮಾನ ಮಾಡಿದ್ದಲ್ಲ. ಆನೆ, ಹಂದಿ ರಾಗಿ ತಿನ್ನುತ್ತವೆ, ಕಾಪಿ ಮುಟ್ಟುವುದು ಕಡಿಮೆ. ಪಡಿತರ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಒಂದೊಂದೂ ಸರಿಯಾದ ಕಾರಣವೇ. ಎಲ್ಲ ಸೇರಿದಾಗ ಮನೆಯಲ್ಲಿ ತಿನ್ನುವ ಬೆಳೆ ಒಂದೂ ಉಳಿದಿರಲಿಲ್ಲ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಬೇಕು. ಹೊರಗಿನವರಿಗೆ ಕಾಣದ್ದು ಇದೇ.

ನಮ್ಮದು ಅರೇಬಿಕಾ ಜಾತಿಯ ಕಾಪಿ, ಅದು ಹಣ್ಣಾಗುವುದು ನವೆಂಬರ್‌ನಿಂದ ಜನವರಿವರೆಗೆ. ವರ್ಷದ ದುಡ್ಡೆಲ್ಲ ಬರುವುದು ಆಗ ಮಾತ್ರ. ಮಕ್ಕಳ ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಳೆಗಾಲದಲ್ಲಿ ಕೂಲಿ ಕೆಲಸ ಕಡಿಮೆ, ಕಾಯಿಲೆ ಜಾಸ್ತಿ. ಹಿಂದೆ ಆ ತಿಂಗಳುಗಳನ್ನು ಗೆಣಸು, ಸೊಪ್ಪು, ಕೂಡಿಟ್ಟ ರಾಗಿ, ಜೇನಿನ ದುಡ್ಡು ದಾಟಿಸುತ್ತಿದ್ದವು. ಈಗ ದಾಟಿಸುವವನು ಬೇರೆ.

ಅವನು ಕೆಳಗಿನ ಊರಿನ ಕಾಪಿ ವ್ಯಾಪಾರಿ. 1990ರ ದಶಕದ ಆರಂಭದವರೆಗೆ ದೇಶದ ಕಾಪಿಯೆಲ್ಲ ಕಾಫಿ ಬೋರ್ಡಿನ ಮೂಲಕವೇ ಮಾರಾಟವಾಗಬೇಕಿತ್ತು. ಆಮೇಲೆ ಅದು ಹಂತ ಹಂತವಾಗಿ ಮುಕ್ತವಾಯಿತು. ಯಾರು ಯಾರಿಗೆ ಬೇಕಾದರೂ ಮಾರಬಹುದು. ದೊಡ್ಡ ತೋಟದವರಿಗೆ ಅದರಿಂದ ಅನುಕೂಲವಾಯಿತು. ನಮ್ಮಂಥವರಿಗೆ ಮುಕ್ತ ಮಾರುಕಟ್ಟೆ ಅಂದ್ರೆ ಜೀಪು ತೆಗೆದುಕೊಂಡು ಪೋಡಿಗೆ ಬರುವ ಒಬ್ಬ ಮನುಷ್ಯ.

ಅವನು ಕೆಟ್ಟವನಲ್ಲ. ಸೋಲಿಗರ ಕಥೆಯಲ್ಲಿ ಸಾಹುಕಾರ ಅಂದ ಕೂಡಲೇ ಮೀಸೆ ತಿರುವುವ ಮನುಷ್ಯನನ್ನು ಊಹಿಸಿಕೊಳ್ಳಬೇಡಿ. ಅವ್ವನಿಗೆ ಎದೆನೋವು ಬಂದಾಗ ರಾತ್ರಿ ಜೀಪು ಕಳಿಸಿದವನು ಅವನೇ. ನಮ್ಮ ದೊಡ್ಡಪ್ಪ ತೀರಿಕೊಂಡಾಗ ಮಣ್ಣಿಗೆ ಬಂದು ನಿಂತಿದ್ದ. ರೊಟ್ಟಿ ಹಬ್ಬಕ್ಕೆ ಬೆಲ್ಲ ಕಳಿಸುತ್ತಿದ್ದ. ರಂಗಪ್ಪನನ್ನೇ, ಅಂದ್ರೆ ಬೆಟ್ಟದ ದೇವರನ್ನೇ, ನಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಭಾವ ಅಂತ ಕರೆಯುವ ಜನ ನಾವು. ಒಬ್ಬ ವ್ಯಾಪಾರಿಯನ್ನು ಅಣ್ಣ ಅಂತ ಕರೆಯುವುದು ಕಷ್ಟವಾಗಲಿಲ್ಲ.

"ಏನಪ್ಪ, ಸ್ಕೂಲು ಶುರುವಾಯ್ತಲ್ಲ, ದುಡ್ಡು ಬೇಕಾ? ಸಂಕೋಚ ಪಡಬ್ಯಾಡ. ಸುಗ್ಗಿಲಿ ನೋಡ್ಕೊಳ್ಳೋಣ ಕಣಪ್ಪ," ಅನ್ನುತ್ತಿದ್ದ.

ಜುಲೈನಲ್ಲಿ 5,000 ತೆಗೆದುಕೊಂಡೆ ಅಂತ ಇಟ್ಟುಕೊಳ್ಳಿ. ಬಡ್ಡಿಯ ಮಾತೇ ಇಲ್ಲ. ಪತ್ರ ಇಲ್ಲ, ಸಹಿ ಇಲ್ಲ. ಒಂದೇ ಮಾತು, ಕಾಪಿ ಅವನಿಗೇ ಹಾಕಬೇಕು. ಡಿಸೆಂಬರ್‌ನಲ್ಲಿ ಆರು ಮೂಟೆ ಒಣ ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಹಾಕಿದೆ. ಪೇಟೆಯ ದರಕ್ಕಿಂತ ಮೂಟೆಗೆ 400 ರೂಪಾಯಿ ಕಡಿಮೆ ಹಿಡಿದ. ಅಂದ್ರೆ 2,400 ರೂಪಾಯಿ. 5,000ಕ್ಕೆ ಐದು ತಿಂಗಳಲ್ಲಿ 2,400. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ನೂರಕ್ಕೆ ನೂರು ದಾಟುತ್ತದೆ. ಅದರ ಮೇಲೆ ತೇವ ಇದೆ ಅಂತ ಮೂಟೆಗೆ ಒಂದೆರಡು ಕೆಜಿ ಕಳೆಯುವುದು ಬೇರೆ. ಅವನ ಹತ್ತಿರ ತೇವ ನೋಡುವ ಮಿಷನ್ ಇದೆ, ನಮ್ಮ ಹತ್ತಿರ ಇಲ್ಲ. ಬೀಜ ಹಲ್ಲಲ್ಲಿ ಕಚ್ಚಿ ನೋಡಿ ಒಣಗಿದೆ ಅಂತ ನಾವು ಹೇಳಿದರೆ ಮಿಷನ್ ಇನ್ನೂ ಹಸಿ ಅನ್ನುತ್ತದೆ.

ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಪೋಡಿನಲ್ಲಿ ಬಹಳ ಜನಕ್ಕೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಬೇಕು? ಜುಲೈನಲ್ಲಿ ಮಗಳ ಫೀಸು ಕಟ್ಟಲೇಬೇಕು. ತಿಳಿವಳಿಕೆ ಇಲ್ಲದ್ದಕ್ಕೆ ಆದಿವಾಸಿಗಳು ಮೋಸ ಹೋಗುತ್ತಾರೆ, ಅವರಿಗೆ ಹಣಕಾಸಿನ ಪಾಠ ಮಾಡಬೇಕು ಅಂತ ತರಬೇತಿ ಕೊಡಲು ಬರುತ್ತಾರೆ. ನಾನೂ ಒಂದೆರಡರಲ್ಲಿ ಕೂತಿದ್ದೇನೆ. ಅಲ್ಲಿ ಹೇಳುವ ಲೆಕ್ಕ ಸರಿಯಾಗಿಯೇ ಇರುತ್ತದೆ. ನಮಗೆ ಕೊರತೆ ಇರುವುದು ಲೆಕ್ಕದ್ದಲ್ಲ, ಆರು ತಿಂಗಳು ಕಾಯುವ ತಾಕತ್ತಿನದ್ದು.

ಬಂಡವಾಳ ಅಂದ್ರೆ ಏನು ಅಂತ ಯಾರಾದರೂ ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಕಾಯಬಲ್ಲವನು ಕಾಯಲಾರದವನಿಂದ ತೆಗೆದುಕೊಳ್ಳುತ್ತಾನೆ. ತೀರಾ ಕಷ್ಟದಲ್ಲಿರುವವರು ಹೂವು ಕಾಯಾಗುತ್ತಿರುವಾಗಲೇ ಗಿಡದ ಮೇಲಿನ ಫಸಲನ್ನು ಮಾರುತ್ತಾರೆ. ಸ್ವಲ್ಪ ಉಸಿರಿರುವವರು ಹಸಿ ಹಣ್ಣು ಮಾರುತ್ತಾರೆ. ಕಣದಲ್ಲಿ ಒಣಗಿಸುವಷ್ಟು ದಿನ ತಡೆಯಬಲ್ಲವರು ಚೆರ್ರಿ ಮಾರುತ್ತಾರೆ. ಪಲ್ಪರ್ ಇಟ್ಟು, ಸಿಪ್ಪೆ ಬಿಡಿಸಿ, ಅಂಟು ಬಿಡುವವರೆಗೆ ನೆನೆಸಿ, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಮಾಡುವವರಿಗೆ ಇನ್ನೂ ಒಳ್ಳೆಯ ದರ. ಪಟ್ಟಣದಲ್ಲಿ ಹುರಿದು ಪುಡಿ ಮಾಡಿ ಪ್ಯಾಕೆಟ್ ಕಟ್ಟುವವರ ಕಥೆಯೇ ಬೇರೆ. ಒಂದು ಕೆಜಿ ಬೀಜಕ್ಕೆ ಐದಾರು ಕೆಜಿ ಹಣ್ಣು ಬೇಕು. ಆ ಹಣ್ಣನ್ನು ಒಂದೊಂದಾಗಿ ಬಿಡಿಸಿದವರು ಸರಪಳಿಯ ಈ ತುದಿಯಲ್ಲಿದ್ದೇವೆ.

ವ್ಯಾಪಾರಿಯದು ಹೀಗಾಯಿತು. ನಮ್ಮ ನಮ್ಮ ನಡುವೆ ಆದದ್ದು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿದೆ.

ನಮ್ಮಲ್ಲಿ ಮುಯ್ಯಾಳು ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೆಲಸಕ್ಕೆ ಕರೆದ ಮನೆಯವರು ಮುದ್ದೆ, ಸಾರು ಮಾಡಬೇಕು. ಗಂಡಸರು, ಹೆಂಗಸರು, ಮುದುಕಿಯರು ಎಲ್ಲ ಬರುತ್ತಿದ್ದರು. ಬೇಗ ಕೊಯ್ಯುವವರೂ ನಿಧಾನಕ್ಕೆ ಕೊಯ್ಯುವವರೂ ಒಂದೇ. ಹಾಡು ಹೇಳಲು ಬರುವ ಅಜ್ಜಿ ಸುಮ್ನೆ ಕೂತು ಹಾಡಿದರೂ ಅದು ಒಂದು ಆಳೇ.

ಕಾಪಿ ಬಂದ ಮೊದಲ ವರ್ಷಗಳಲ್ಲಿ ಹಣ್ಣು ಬಿಡಿಸಲೂ ಹಾಗೆಯೇ ಹೋಗುತ್ತಿದ್ದೆವು. ಅದು ನಡೆಯಲಿಲ್ಲ. ರಾಗಿ ಹೊಲ ಎಲ್ಲರದೂ ಹೆಚ್ಚು ಕಡಿಮೆ ಒಂದೇ ಅಳತೆ ಇರುತ್ತಿತ್ತು, ಒಂದು ಮನೆಯವರು ಎಷ್ಟು ಮಾಡಬಲ್ಲರೋ ಅಷ್ಟು. ಕಾಪಿ ಹಾಗಲ್ಲ. ಒಬ್ಬರದು ಎರಡು ಎಕರೆ, ಇನ್ನೊಬ್ಬರದು ಮನೆ ಹಿಂದೆ ಇಪ್ಪತ್ತು ಗಿಡ. ಎರಡು ಎಕರೆಗೆ ವಾರಗಟ್ಟಲೆ ಆಳು ಬೇಕು, ಇಪ್ಪತ್ತು ಗಿಡಕ್ಕೆ ಒಂದು ಬೆಳಗ್ಗೆ ಸಾಕು. ಹಣ್ಣು ಎಲ್ಲರದೂ ಒಂದೇ ಹೊತ್ತಿಗೆ ಕೆಂಪಾಗುತ್ತದೆ. ತಡ ಮಾಡಿದರೆ ಉದುರುತ್ತದೆ. ಅಕಾಲ ಮಳೆ ಬಂದರಂತೂ ಒಣಗಲು ಹಾಕಿದ್ದೆಲ್ಲ ಬೂಸಲು. ಹಾಗಾಗಿ ಎಲ್ಲರಿಗೂ ಒಂದೇ ವಾರದಲ್ಲಿ ಆಳು ಬೇಕು.

ನಮ್ಮ ಚಿಕ್ಕಪ್ಪನಿಗೆ ಕಾಪಿ ಇರಲಿಲ್ಲ. ಎಲ್ಲರ ತೋಟಕ್ಕೂ ಬರುತ್ತಿದ್ದರು, ಅವರ ಹತ್ತಿರ ವಾಪಸ್ ಮಾಡಲು ಕೆಲಸವೇ ಇಲ್ಲ. ಎರಡು ಸುಗ್ಗಿ ನೋಡಿದರು. ಮೂರನೇ ಸುಗ್ಗಿಗೆ ಅಪ್ಪನ ಮುಂದೆ ಕೂತು ಹೇಳಿದರು: "ಅಣ್ಣ, ನಿನ್ ಹಣ್ಣಿಗೆ ದುಡ್ಡು ಬತ್ತದ. ನನ್ ಕೈಗೆ ಮುದ್ದೆ ಬತ್ತದ. ಇದು ಮುಯ್ಯಾ?" ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆ ವರ್ಷದಿಂದ ಚಿಕ್ಕಪ್ಪನಿಗೆ ಕೂಲಿ ಕೊಟ್ಟರು. ಚಿಕ್ಕಪ್ಪ ಕೇಳಿದ್ದು ನೂರಕ್ಕೆ ನೂರು ನ್ಯಾಯ. ಅವರು ಕೇಳದೇ ಇದ್ದಿದ್ದರೆ ಅಣ್ಣನೇ ತಮ್ಮನನ್ನು ಪುಕ್ಕಟೆ ದುಡಿಸಿಕೊಂಡಂತಾಗುತ್ತಿತ್ತು.

ಒಬ್ಬರಿಗೆ ಕೂಲಿ ಕೊಟ್ಟ ಮೇಲೆ ಉಳಿದವರಿಗೂ ಕೊಡಬೇಕಾಯಿತು. ಮೊದಲು ದಿನಕ್ಕೆ ಇಷ್ಟು. ಆಮೇಲೆ ಕೆಜಿಗೆ ಇಷ್ಟು. ಕೆಜಿ ಲೆಕ್ಕ ಬಂದ ದಿನದಿಂದ ತಕ್ಕಡಿಯ ಮುಂದೆ ನಮ್ಮ ಜನ ಸಾಲಾಗಿ ನಿಂತರು. ಚುರುಕು ಕೈಯವರಿಗೆ ಜಾಸ್ತಿ, ವಯಸ್ಸಾದವರಿಗೆ ಕಡಿಮೆ. ಕಾಯಿ, ಹಣ್ಣು ಬೇರೆ ಮಾಡದೆ ಸವರಿಕೊಂಡು ಬರುವುದೂ ಶುರುವಾಯಿತು, ತೂಕ ಬರಬೇಕಲ್ಲ. ಹಾಡು ನಿಂತಿತು. ಹಾಡಬೇಡಿ ಅಂತ ಯಾರೂ ಹೇಳಿರಲಿಲ್ಲ.

ಪೋಡಿನಲ್ಲಿ ಈಗ ತೋಟ ಇರುವ ಮನೆ, ಇಲ್ಲದ ಮನೆ ಅಂತ ಎರಡಾಗಿದೆ. ಐದು ಕುಲದ ಲೆಕ್ಕ ಮದುವೆಗೆ ಇನ್ನೂ ಇದೆ. ಅದರ ಜೊತೆಗೆ ಹುಡುಗನ ಕಡೆ ಎಷ್ಟು ಗಿಡ ಇದೆ ಅಂತಲೂ ಕೇಳುತ್ತಾರೆ.

ಸಾಲದ ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ಹೆಂಗಸರ ಗುಂಪು ಮಾಡಿ ಸಾಲ ಕೊಡುವ ಕಂಪನಿಗಳು ನಮ್ಮ ಕಡೆಯೂ ಬಂದವು. ಒಬ್ಬರು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕು. ಅಡ ಇಡಲು ಏನೂ ಬೇಕಿಲ್ಲ. ನೆಂಟರ ಮುಂದಿನ ಮರ್ಯಾದೆಯೇ ಅಡ. ಕಂತು ವಾರಕ್ಕೊಮ್ಮೆ. ಕಾಪಿ ದುಡ್ಡು ವರ್ಷಕ್ಕೊಮ್ಮೆ. ವಾರದ ಕಂತಿಗೆ ವಾರದ ದುಡಿಮೆ ಬೇಕಲ್ಲ, ಹಾಗಾಗಿ ಗಂಡಸರು ಕೊಡಗಿನ ತೋಟಗಳಿಗೆ, ಕೇರಳಕ್ಕೆ, ಕ್ವಾರಿಗಳಿಗೆ ಹೋಗತೊಡಗಿದರು. ತಾತ ಬೇಕೆನಿಸಿದಾಗ ಹೋಗಿ ಬೇಡವೆನಿಸಿದಾಗ ವಾಪಸ್ ಬರುತ್ತಿದ್ದ ಅದೇ ತೋಟದ ಕೆಲಸಕ್ಕೆ ನನ್ನ ತಮ್ಮ ಹೋದ. ಅವನಿಗೆ ಬಿಟ್ಟು ಬರುವ ಹಾಗಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಕೂಗಾಡುವುದಕ್ಕೆ ಈಗ ಒಂದು ಕಾನೂನಿನ ಅಂಕೆ ಇದೆ. ಸಾಲ ಬೇಕಾಗುವ ಕಾರಣ ಮಾತ್ರ ಹಾಗೇ ಇದೆ.

ಈ ನಡುವೆ ಅರಣ್ಯ ಹಕ್ಕು ಕಾಯ್ದೆ ಬಂತು. 2006ರ ಕಾಯ್ದೆ, ಅದರ ನಿಯಮಗಳು ಬಂದದ್ದು 2008ರಲ್ಲಿ. ಗ್ರಾಮಸಭೆ ಸೇರಿಸಿ, ಅರಣ್ಯ ಹಕ್ಕು ಸಮಿತಿ ಮಾಡಿ, ಹಿರಿಯರನ್ನು ಕರೆದುಕೊಂಡು ಕಾಡು ಸುತ್ತಿ, ಎಲ್ಲೆಲ್ಲಿ ದೇವರ ಜಾಗ, ಎಲ್ಲೆಲ್ಲಿ ಹಳೆಯ ಪೋಡು, ಎಲ್ಲಿ ಜೇನಿನ ಮರ ಅಂತ ಗುರುತು ಹಾಕಿದೆವು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಮ್ಮನ್ನು ಎಬ್ಬಿಸುತ್ತಾರೆ ಅಂತ ಎಲ್ಲರಿಗೂ ಭಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕದ್ದು ದೇಶದಲ್ಲೇ ಮೊದಲು ಅಂತ ಪತ್ರಿಕೆಗಳು ಬರೆದವು. ಜೇನು, ನೆಲ್ಲಿಕಾಯಿ ತರುವ, ಮಾರುವ ಹಕ್ಕು ಕಾಗದದ ಮೇಲೆ ವಾಪಸ್ ಬಂತು. ಆ ಹೊತ್ತಿಗೆ ಲಾಂಟಾನ ದಾರಿ ಮುಚ್ಚಿತ್ತು, ನೆಲ್ಲಿ ಮರ ಎಷ್ಟೋ ಸತ್ತಿದ್ದವು, ಮರ ಹತ್ತಲು ಕಲಿಯಬೇಕಿದ್ದ ಹುಡುಗರು ಮೈಸೂರು, ಬೆಂಗಳೂರು ಸೇರಿದ್ದರು. ಹಾಗಂತ ಆ ಹಕ್ಕುಪತ್ರ ದಂಡ ಅಂತ ಹೇಳುವವನಲ್ಲ ನಾನು. ಅದಿಲ್ಲದಿದ್ದರೆ ಇವತ್ತು ಇದನ್ನು ಬರೆಯಲು ನಾನು ಬೆಟ್ಟದಲ್ಲಿ ಇರುತ್ತಿದ್ದೆನೋ ಇಲ್ಲವೋ.

ಅದೇ ಕಾಯ್ದೆಯಲ್ಲಿ ಒಂದೊಂದು ಮನೆಗೆ ಸಿಗುವ ಸಾಗುವಳಿಯ ಹಕ್ಕುಪತ್ರಕ್ಕೆ ಒಂದು ದೊಡ್ಡ ಗುಣವಿದೆ. ಅದನ್ನು ಮಾರುವಂತಿಲ್ಲ. ಮಕ್ಕಳಿಗೆ ಹೋಗುತ್ತದೆ, ಹೊರಗಿನವರಿಗೆ ಹೋಗುವುದಿಲ್ಲ. ಬ್ಯಾಂಕಿಗೆ ಹೋದರೆ ಇದೇ ತೊಡಕು, ಮಾರಲಾಗದ ಭೂಮಿಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಮಾರುವ ಹಕ್ಕೂ ಕೊಡಿ ಅಂತ ನಮ್ಮ ಹುಡುಗರೇ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾಪಿಗೆ ದರ ಏರಿದ ವರ್ಷ ಏನಾಯಿತು ಅಂತ ನೋಡಿದ್ದೇನೆ.

2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಇಲ್ಲಿ 50 ಕೆಜಿ ಪಾರ್ಚ್‌ಮೆಂಟ್ 25 ಸಾವಿರ ರೂಪಾಯಿ ಮೀರಿತು. ನಮ್ಮ ಪೋಡಿನಲ್ಲಿ ಬಹಳ ಜನ ಅಷ್ಟರಲ್ಲಿ ಮಾರಿ ಮುಗಿಸಿದ್ದರು. ಮುಂಗಡ ತೆಗೆದುಕೊಂಡವರದ್ದು ಡಿಸೆಂಬರ್‌ನಲ್ಲೇ ಹೋಗಿತ್ತು. ಏರಿದ ದರ ನಮ್ಮ ಕಾಪಿಗೇ ಸಿಕ್ಕಿತು, ಆದರೆ ಅದು ವ್ಯಾಪಾರಿಯ ಗೋಡೌನಿನಲ್ಲಿದ್ದಾಗ. ಅದೇ ಬೇಸಿಗೆಯಲ್ಲಿ ತೋಟ ಗುತ್ತಿಗೆಗೆ ಕೇಳಿಕೊಂಡು ಹೊರಗಿನವರು ಬಂದರು. ಛಾಪಾ ಕಾಗದದ ಮೇಲೆ ಐದು ವರ್ಷಕ್ಕೆ ಬರೆದುಕೊಡಿ, ದುಡ್ಡು ಮುಂಚೆಯೇ ಎಣಿಸುತ್ತೇವೆ ಅಂತ. ನೆಲ ಮಾರಲು ಅವಕಾಶ ಇದ್ದಿದ್ದರೆ ಆ ಬೇಸಿಗೆಯಲ್ಲಿ ಎಷ್ಟು ಮನೆಗಳ ನೆಲ ಹೋಗುತ್ತಿತ್ತೋ ನೆನೆಸಿಕೊಂಡರೆ ಭಯವಾಗುತ್ತದೆ.

ದುಡ್ಡಿನಿಂದ ಒಳ್ಳೆಯದಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಕಾಪಿ ದುಡ್ಡಿನಲ್ಲಿ. ಅವ್ವ ಸಂತೆಗೆ ಹೋದರೆ ಅಂಗಡಿಯವರು ಏಕವಚನದಲ್ಲಿ ಕೂಗುತ್ತಿದ್ದ ಕಾಲ ಇತ್ತು, ಈಗ ಹಾಗೆ ಮಾತಾಡಲು ಹಿಂಜರಿಯುತ್ತಾರೆ. ಹಳೆಯ ಬದುಕಿನಲ್ಲಿ ಹಸಿವು ಇತ್ತು, ಹೆರಿಗೆಯಲ್ಲಿ ಸಾಯುತ್ತಿದ್ದ ಹೆಣ್ಣುಮಕ್ಕಳಿದ್ದರು. ಅದಕ್ಕೆ ಯಾರೂ ವಾಪಸ್ ಹೋಗುವುದಿಲ್ಲ, ಹೋಗಲೂಬಾರದು. ಆದರೆ ದುಡ್ಡು ಬರುವ ದಾರಿಯಲ್ಲಿ ನಮ್ಮ ಬಾಯಲ್ಲಿ "ಒಲ್ಲೆ" ಅನ್ನುವ ಮಾತು ಉಳಿಯಬೇಕಿತ್ತು.

ಈಗ ಕೆಲವು ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಕೈಯಲ್ಲಿ ತಿರುಗಿಸುವ ಪಲ್ಪರ್ ಒಂದು, ಒಣಗಿಸಲು ಸಿಮೆಂಟ್ ಕಣ ಒಂದು, ತೇವ ನೋಡುವ ಮಿಷನ್ ಒಂದು. ಹಣ್ಣು ಒಟ್ಟಿಗೆ ತಂದು ಪಾರ್ಚ್‌ಮೆಂಟ್ ಮಾಡಿ ಕೂಡಿಡುತ್ತೇವೆ. ಮೊದಲ ವರ್ಷ ವ್ಯಾಪಾರಿ ಪೋಡಿಗೆ ಬಂದು ಮೂಟೆಗೆ 200 ರೂಪಾಯಿ ಜಾಸ್ತಿ ಕೊಡುತ್ತೇನೆ ಅಂದ. ಮೂರು ಮನೆಯವರು ಅವನಿಗೇ ಹಾಕಿದರು. ಅವರಲ್ಲಿ ಒಬ್ಬರ ಗಂಡ ಆಸ್ಪತ್ರೆಯಲ್ಲಿದ್ದ. ಅವರನ್ನು ನಾವು ಏನು ಕೇಳುವುದು? ಉಳಿದವರು ತಡೆದುಕೊಂಡೆವು, ಒಳ್ಳೆಯ ದರ ಬಂತು. ಕಾಂಡಕೊರಕ ಹುಳ ಹಿಡಿದ ಗಿಡಗಳನ್ನು ಆ ದುಡ್ಡಿನಲ್ಲಿ ಕಿತ್ತು ಸುಟ್ಟು ಹೊಸದು ನೆಟ್ಟೆವು. ನೆರಳು ಕಡಿಮೆಯಾದ ಕಡೆಯೇ ಆ ಹುಳ ಜಾಸ್ತಿ, ಹಾಗಾಗಿ ಹಲಸು, ಅತ್ತಿಯನ್ನೂ ಮತ್ತೆ ನೆಟ್ಟಿದ್ದೇವೆ.

ಮಾರಿ ಬಂದದ್ದರಲ್ಲಿ ಒಂದು ಪಾಲನ್ನು ಗುಂಪಿನ ಹೆಸರಿನಲ್ಲಿ ಇಟ್ಟಿದ್ದೇವೆ. ಜೂನ್, ಜುಲೈನಲ್ಲಿ ಯಾರಿಗೆ ಬೇಕೋ ಅವರಿಗೆ ಬಡ್ಡಿಯಿಲ್ಲದೆ ಮುಂಗಡ ಕೊಡುವುದಕ್ಕೆ. ಜುಲೈನಲ್ಲಿ ವ್ಯಾಪಾರಿಯ ಜೀಪಿಗೆ ಕೈ ಒಡ್ಡದಿದ್ದರೆ ಸಾಕು, ಡಿಸೆಂಬರ್‌ನ ದರ ತಾನೇ ಸರಿಹೋಗುತ್ತದೆ ಅನ್ನೋದು ನನ್ನ ವಾದ. ಇದಕ್ಕೆ ಎಲ್ಲರೂ ಒಪ್ಪಿದ್ದಾರೆ.

ಒಪ್ಪಿಗೆಯಾಗದೇ ಉಳಿದದ್ದು ಬೇರೆ. ಚಿಕ್ಕಪ್ಪನ ಸೊಸೆ ಕಳೆದ ಸಭೆಯಲ್ಲಿ ಎದ್ದು ಕೇಳಿದಳು: "ಮುಂಗಡ ಕಾಪಿ ಇರೋರಿಗೆ ಮಾತ್ರನಾ ಮಾವ? ನಾವು ಹಣ್ಣು ಬಿಡಿಸದಿದ್ರ ನಿಮ್ಗ ಕಾಪಿ ಎಲ್ಲದ?" ಕಾಪಿ ಇಲ್ಲದವರು ವಾಪಸ್ ಹೇಗೆ ಕಟ್ಟುತ್ತಾರೆ ಅಂತ ಒಬ್ಬರು. ಸುಗ್ಗಿಯ ಕೂಲಿಯಲ್ಲಿ ಹಿಡಿದುಕೊಳ್ಳಿ ಅಂತ ಇನ್ನೊಬ್ಬರು. ಹಾಗೆ ಹಿಡಿದುಕೊಂಡರೆ ನಮಗೂ ಆ ವ್ಯಾಪಾರಿಗೂ ಏನು ವ್ಯತ್ಯಾಸ ಅಂತ ನಾನು. ಕೆಜಿ ಲೆಕ್ಕ ಬಿಟ್ಟು ದಿನಗೂಲಿಗೆ ಹೋಗೋಣ, ಲಾಭದಲ್ಲಿ ಬಿಡಿಸುವವರಿಗೂ ಒಂದು ಪಾಲು ಇಡೋಣ ಅಂತ ಹೇಳಿದ್ದೇನೆ. ಎರಡು ಎಕರೆಯವರು ಒಪ್ಪಿಲ್ಲ. ಹೂವಿನ ಮಳೆ, ಅಂದ್ರೆ ಕಾಪಿ ಹೂ ಅರಳಿಸುವ ಮಳೆ, ಬಿದ್ದ ಮೇಲೆ ಮತ್ತೆ ಕೂರುತ್ತೇವೆ. ಈ ಸಲ ತೋಟ ಇಲ್ಲದ ಮನೆಗಳವರನ್ನೂ ಸಭೆಗೆ ಕರೆಯಬೇಕು ಅಂತ ನಾನೂ ಚಿಕ್ಕಪ್ಪನ ಸೊಸೆಯೂ ಮನೆಮನೆಗೆ ಹೋಗಿ ಹೇಳುತ್ತಿದ್ದೇವೆ.